ಕನ್ನಡಕದ ಪತ್ತೇದಾರ

ಪತ್ತೇದಾರಿ ಕತೆಗಳ ಚಟ ನಮ್ಮ ಮನೆತನಕ್ಕೆ ಹೊಸದೇನೂ ಅಲ್ಲ. ನನ್ನ ತಾಯಿಯ ತಂದೆಯವರು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಪಂಚಾಂಗದೊಳಗೆ ಇಟ್ಟುಕೊಂಡು ಓದುತ್ತಿದ್ದರಂತೆ. ಯಾರಾದರೂ ಮುಹೂರ್ತ ಕೇಳಲು ಬಂದರೆ ಪುರುಷೋತ್ತಮ ಒಳಗೆ ಹೋಗುವನು. ಬಂದವರು ಹೊಸಿಲು ದಾಟಿದೊಡನೆ ಹೊರಗೆ ಬರುವನು. ತಾತನವರ ಜಮೀನು ಯಾರುಯಾರ ಪಾಲಿಗೋ ಹೋಯಿತು. ಈ ಚಟ ಮಾತ್ರ ಯಾವ ಪಾಲುಪಟ್ಟಿಯ ತಂಟೆಯೂ ಇಲ್ಲದೆ ನೇರವಾಗಿ ನನಗೆ ಬಂತು.

ಆದರೆ ನನ್ನ ಪತ್ತೇದಾರನ ವಿಷಯ ಹೇಳಲು ನನಗೆ ತಾತನವರಿಗಿಂತ ಹೆಚ್ಚಿನ ಸಂಕೋಚ. ಪುರುಷೋತ್ತಮನಾದರೋ ಆಳೆತ್ತರದ ಮನುಷ್ಯ. ನನ್ನವನು ಒಂದನೆಯ ತರಗತಿಯ ಹುಡುಗ. ಮುಖದ ಅರ್ಧವನ್ನು ಮುಚ್ಚುವ ಕನ್ನಡಕ, ನೀಲಿ ಕೋಟು, ಕೊರಳಿಗೆ ಕೆಂಪು ಬೋ, ಕೆಳಗೆ ಚಡ್ಡಿ. ಸಾಲದ್ದಕ್ಕೆ ಅವನು ಹಾಳೆಯ ಮೇಲೆ ಹುಟ್ಟಿ ಪರದೆಯ ಮೇಲೆ ಓಡಾಡುವ ಚಿತ್ರ. ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬ ರಾತ್ರಿ ಹನ್ನೊಂದರ ಮೇಲೆ ಹೊದಿಕೆಯೊಳಗೆ ‘ಗೊಂಬೆಚಿತ್ರ’ ನೋಡುತ್ತಾನೆಂಬ ಸುದ್ದಿ ಹಾಸ್ಟೆಲಿನಲ್ಲಿ ಹಬ್ಬಿದಾಗ ಒಂದು ವಾರ ನನಗೆ ಊಟದ ಮನೆಯಲ್ಲಿ ಹಾಲು ಕುಡಿಸಲು ಬಂದವರೇ ಎಲ್ಲರೂ. ಆ ವಾರ ಕಳೆದ ಮೇಲೆ ಹಾಗೆ ಬಂದವರಲ್ಲಿ ಮೂವರು ನನ್ನ ಹೊದಿಕೆಯೊಳಗೇ ಇದ್ದರೆಂಬುದನ್ನು ಅವರ ಹೆಸರು ಹೇಳದೆ ಇಲ್ಲಿ ದಾಖಲೆ ಮಾಡುತ್ತೇನೆ.

ತಿಳಿಯದ ಅಧ್ಯಾಪಕರಿಗಾಗಿ ಎರಡು ಮಾತು. ಜಪಾನಿನಲ್ಲಿ ಚಿತ್ರಕತೆಯ ಪುಸ್ತಕಕ್ಕೆ ಮಾಂಗಾ ಎಂದೂ, ಚಲಿಸುವ ಚಿತ್ರಕ್ಕೆ ಅನಿಮೆ ಎಂದೂ ಹೆಸರು. ಅಲ್ಲಿ ಅವು ಮಕ್ಕಳಿಗೆ ಮಾತ್ರ ಮೀಸಲಾದವಲ್ಲ. ಆಫೀಸಿಗೆ ಹೋಗುವವರೂ ಮುದುಕರೂ ಓದುತ್ತಾರೆ, ನೋಡುತ್ತಾರೆ. ತೊತ್ತೊರಿ ಎಂಬ ಪ್ರಾಂತದಲ್ಲಿ 1963ರಲ್ಲಿ ಹುಟ್ಟಿದ ಗೊಷೊ ಅವೊಯಾಮ ಎಂಬವರು 1994ರ ಜನವರಿಯಲ್ಲಿ ಒಂದು ವಾರಪತ್ರಿಕೆಯಲ್ಲಿ ‘ಮೆಯಿತಾಂತೆಯಿ ಕೊನಾನ್’, ಎಂದರೆ ‘ಪ್ರಸಿದ್ಧ ಪತ್ತೇದಾರ ಕೊನಾನ್’ ಎಂಬ ಮಾಂಗಾವನ್ನು ಆರಂಭಿಸಿದರು. ಎರಡು ವರ್ಷ ಕಳೆದು 1996ರ ಜನವರಿಯಲ್ಲಿ ಅದು ದೂರದರ್ಶನಕ್ಕೆ ಅನಿಮೆಯಾಗಿ ಬಂತು. 2021ರಲ್ಲಿ ಸಾವಿರದ ಕಂತು ದಾಟಿತು. ಪುಸ್ತಕದ ನೂರನೆಯ ಸಂಪುಟವೂ ಅದೇ ವರ್ಷ ಹೊರಬಂತು. ಆ ಮಹಾನುಭಾವರ ಸೀಮೆಯಲ್ಲಿ ಈಗ ಈ ಹುಡುಗನ ಹೆಸರಿನ ವಿಮಾನ ನಿಲ್ದಾಣವೇ ಇದೆ. ನಮ್ಮಲ್ಲಿ ಎಂಥೆಂಥ ಕವಿಗಳಿಗೆ ಒಂದು ಬಸ್ ನಿಲ್ದಾಣ ದೊರೆತಿಲ್ಲ, ಅದಿರಲಿ.

ಕತೆಯ ಬುಡ ಇಷ್ಟು. ಕುಡೊ ಶಿನಿಚಿ ಎಂಬ ಹುಡುಗ ನಮ್ಮ ಲೆಕ್ಕದಲ್ಲಿ ಪಿ.ಯು.ಸಿ. ಓದುವ ವಯಸ್ಸಿನವನು. ಷೆರ್ಲಾಕ್ ಹೋಮ್ಸನ ಹುಚ್ಚು. ಪೋಲೀಸರು ತಲೆ ಕೆರೆದುಕೊಳ್ಳುವ ಕೊಲೆಗಳನ್ನು ಬಿಡಿಸಿ ಪತ್ರಿಕೆಯಲ್ಲಿ ಫೋಟೋ ಹಾಕಿಸಿಕೊಂಡು ಬೀಗುತ್ತಿರುವವನು. ಒಂದು ದಿನ ಗೆಳತಿ ರಾನ್‌ಳೊಡನೆ ಆಟದ ಉದ್ಯಾನಕ್ಕೆ ಹೋದಾಗ ಕಪ್ಪು ಬಟ್ಟೆಯವನೊಬ್ಬ ಗುಟ್ಟಾಗಿ ವ್ಯವಹಾರ ನಡೆಸುವುದನ್ನು ಇಣಿಕಿ ನೋಡುತ್ತಾನೆ. ಹಿಂದಿನಿಂದ ಪೆಟ್ಟು ಬೀಳುತ್ತದೆ. ಬಾಯಿಗೆ ಗುರುತು ಸಿಗದಂಥ ವಿಷದ ಗುಳಿಗೆಯೊಂದನ್ನು ಹಾಕಿ ಅವರು ಹೊರಟುಹೋಗುತ್ತಾರೆ. ಅವನು ಸಾಯುವುದಿಲ್ಲ, ಕುಗ್ಗುತ್ತಾನೆ. ಎದ್ದು ನೋಡಿದರೆ ತೋಳು ತೋಳಿನೊಳಗೇ ಉಳಿದಿದೆ, ಅಂಗಿ ನೆಲ ಗುಡಿಸುತ್ತಿದೆ. ಬುದ್ಧಿ ಹದಿನೇಳರದು, ದೇಹ ಆರರದು. ಬದುಕಿರುವುದು ತಿಳಿದರೆ ಆ ಕರಿಯಂಗಿಯವರು ಅವನನ್ನೂ ಅವನ ಸುತ್ತಲಿನವರನ್ನೂ ಬಿಡರು. ಆದ್ದರಿಂದ ಹೆಸರು ಮರೆಸಿಕೊಂಡು ರಾನ್‌ಳ ಮನೆಯಲ್ಲೇ ಆಶ್ರಿತನಾಗುತ್ತಾನೆ. ಅವಳ ತಂದೆ ಮೋರಿ ಕೊಗೊರೊ ಹಿಂದೆ ಪೋಲೀಸಿನಲ್ಲಿದ್ದು ಈಗ ಖಾಸಗಿ ಪತ್ತೇದಾರಿಕೆಯ ಬೋರ್ಡು ಹಾಕಿಕೊಂಡವನು. ಕುಡುಕ, ಕುದುರೆ ಜೂಜಿನವನು, ಬುದ್ಧಿಯಲ್ಲಿ ಸ್ವಲ್ಪ ಮಂದ. ಕರಿಯಂಗಿಯವರ ಸುಳಿವು ಅವನ ಕಚೇರಿಗೆ ಬಂದೀತೆಂಬುದು ಹುಡುಗನ ಆಸೆ. ಅವರ ಸುಳಿವು ವರ್ಷಕ್ಕೊಮ್ಮೆ ಬರುತ್ತದೆ, ಕೊಲೆಗಳು ವಾರಕ್ಕೊಂದು ಬರುತ್ತವೆ.

ಹೆಸರಿನ ಸಂಗತಿ ಸ್ವಾರಸ್ಯವಾದದ್ದು. ರಾನ್ ಬಂದು ‘ನೀನು ಯಾರು?’ ಎಂದು ಕೇಳಿದಾಗ ಹುಡುಗನ ಬೆನ್ನಿಗೆ ಪುಸ್ತಕದ ಕಪಾಟು. ತಡಬಡಿಸಿ ಕಣ್ಣಿಗೆ ಬಿದ್ದ ಎರಡು ಹೆಸರುಗಳನ್ನು ಸೇರಿಸಿ ‘ಎಡೊಗಾವ ಕೊನಾನ್’ ಎಂದುಬಿಡುತ್ತಾನೆ. ಕೊನಾನ್ ಎಂದರೆ ಹೋಮ್ಸನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್. ಎಡೊಗಾವ ಎಂದರೆ ಜಪಾನಿನ ಪತ್ತೇದಾರಿ ಸಾಹಿತ್ಯಕ್ಕೆ 1923ರಿಂದ ಬುನಾದಿ ಹಾಕಿದ ಎಡೊಗಾವ ರಾಂಪೊ. ಈ ರಾಂಪೊ ಕೂಡ ನಿಜವಾದ ಹೆಸರಲ್ಲ; ಅವರ ನಿಜನಾಮ ಹಿರಾಯಿ ತಾರೊ. ಅಮೆರಿಕದ ಎಡ್ಗರ್ ಆಲನ್ ಪೋ ಎಂಬ ಹೆಸರನ್ನು ಜಪಾನಿ ನಾಲಗೆಯಲ್ಲಿ ಬೇಗಬೇಗ ಹೇಳಿ ನೋಡಿ, ಎಡೊಗಾವ ರಾಂಪೊ ಆಗುತ್ತದೆ. ಹೀಗೆ ಒಂದು ಸುಳ್ಳು ಹೆಸರಿನೊಳಗೆ ಇನ್ನೊಂದು ಸುಳ್ಳು ಹೆಸರು, ಅದರೊಳಗೆ ಮತ್ತೊಬ್ಬ. ಲೇಖಕರು ಇಷ್ಟಕ್ಕೆ ಬಿಡಲಿಲ್ಲ. ಊರಿನ ಬಡಾವಣೆಯ ಹೆಸರು ‘ಬೇಕಾ’, ಅದು ಲಂಡನ್ನಿನ ಬೇಕರ್ ಬೀದಿ. ಹುಡುಗನ ಮನೆ ಎರಡನೆಯ ವಿಭಾಗದ ಇಪ್ಪತ್ತೊಂದನೆಯ ನಂಬರು. ಕೂಡಿಸಿ ಓದಿದರೆ ಹೋಮ್ಸನ 221. ಉಪಕರಣಗಳನ್ನು ಮಾಡಿಕೊಡುವ ಮುದುಕ ಅಗಾಸರ ಹೆಸರಿನಲ್ಲಿ ಅಗಾಥಾ ಕ್ರಿಸ್ಟಿ ಅಡಗಿದ್ದಾಳೆ. ಇನ್ಸ್‌ಪೆಕ್ಟರ್ ಮೆಗುರೆಯವರು ಫ್ರಾನ್ಸಿನ ಮೆಗ್ರೆಯ ನೆಂಟರು. ಕೊಗೊರೊನ ಕಚೇರಿಯ ಕೆಳಗಿನ ಕಾಫಿ ಅಂಗಡಿಯ ಹೆಸರೇ ‘ಪೊಯಿರೊ’. ಹಿಂದಿನವರ ಋಣವನ್ನು ಇಷ್ಟು ಬಹಿರಂಗವಾಗಿ ಒಪ್ಪಿಕೊಂಡ ಲೇಖಕರು ಅಪರೂಪ. ಟಿಪ್ಪಣಿಗಳನ್ನು ನಕಲು ಮಾಡಿಯೂ ನಮ್ಮ ಕಡೆ ಹೆಸರು ಹೇಳುವವರು ಎಷ್ಟು ಜನ?

ನಮ್ಮ ಅಮ್ಮನಿಗೆ ಮಾತ್ರ ಈ ಪಾಂಡಿತ್ಯವೆಲ್ಲ ಬೇಡ. ರಜೆಯಲ್ಲಿ ನಾನು ಮನೆಗೆ ಹೋದಾಗ ಮಗ್ಗುಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತ ಅವಳೂ ನೋಡುತ್ತಾಳೆ. ಜಪಾನಿ ಬಾರದು, ಕೆಳಗಿನ ಇಂಗ್ಲಿಷ್ ಓದಲಾರಳು, ನಾನೇ ಕನ್ನಡಿಸಿ ಹೇಳಬೇಕು. ಹೆಸರು ಕೇಳಿದ ದಿನ, ‘ಕೋಣನ್ ಅಂತ ಯಾರಾದರೂ ಮಗೂಗೆ ಹೆಸರಿಡ್ತಾರೇನೋ?’ ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಅವನು ಕೋಣಪ್ಪ.

ಇನ್ನು ಪತ್ತೆ ಮಾಡುವ ರೀತಿ. ಇದರಲ್ಲಿ ಚಮತ್ಕಾರಗಳಿಗೆ ಕೊರತೆಯಿಲ್ಲ. ಮೀನಿನ ಗಾಳದ ದಾರ, ಕರಗಿಹೋಗುವ ಮಂಜುಗಡ್ಡೆ, ಒಳಗಿನಿಂದ ಚಿಲಕ ಬಿದ್ದ ಕೋಣೆ, ಇವನ್ನು ನೋಡಿ ನೋಡಿ ನನಗೆ ಈಗ ಗಾಳದ ದಾರ ಕಂಡರೆ ಮೀನಿನ ನೆನಪಾಗುವುದಿಲ್ಲ. ಕೆಲವು ಕೊಲೆಗಳಂತೂ ಸ್ವಲ್ಪ ಗಾಳಿ ಬೀಸಿದ್ದರೆ ನಡೆಯುತ್ತಲೇ ಇರಲಿಲ್ಲ. ಅಷ್ಟು ತಂತ್ರ ಹೂಡುವ ಬುದ್ಧಿಯುಳ್ಳವನು ಕೊಲೆ ಬಿಟ್ಟು ಬೇರೆ ಉದ್ಯೋಗ ಹಿಡಿದಿದ್ದರೆ ಮುಂದೆ ಬರುತ್ತಿದ್ದ ಎಂದು ಅನಿಸುತ್ತದೆ. ಆದರೆ ಮೊದಲ ಕಂತಿನಲ್ಲೇ ಒಂದು ಸೂಚನೆಯಿದೆ. ನನ್ನನ್ನು ಹಿಡಿದು ಕೂರಿಸಿದ್ದು ಅದು.

ಆಟದ ಉದ್ಯಾನದಲ್ಲಿ ಹಳಿಗಳ ಮೇಲೆ ಏರಿ ಇಳಿದು ಓಡುವ ಬಂಡಿ. ಕತ್ತಲ ಸುರಂಗದಲ್ಲಿ ಬಂಡಿ ಹಾಯ್ದು ಹೊರಬರುವಷ್ಟರಲ್ಲಿ ಒಬ್ಬ ಯುವಕನ ತಲೆ ಹೋಗಿರುತ್ತದೆ. ಕೊಂದವಳು ಅದೇ ಬಂಡಿಯಲ್ಲಿ ಮುಂದೆ ಕುಳಿತಿದ್ದವಳು, ಅವನು ಕೈಬಿಟ್ಟ ಹುಡುಗಿ. ಮುತ್ತಿನ ಸರದಲ್ಲಿ ಅಡಗಿಸಿದ ತಂತಿಯ ವಿಚಾರ ಬಿಡಿ. ಅವಳೆಂದು ಶಿನಿಚಿಗೆ ಗೊತ್ತಾದದ್ದು ಅವಳ ಕಣ್ಣೀರಿನಿಂದ. ಉಳಿದವರ ಕಣ್ಣೀರು ಕೆನ್ನೆಯ ಮೇಲೆ ಕೆಳಕ್ಕೆ ಹರಿದಿತ್ತು. ಅವಳದು ಪಕ್ಕಕ್ಕೆ, ಕಿವಿಯ ಕಡೆಗೆ ಹರಿದ ಗುರುತಿತ್ತು. ವೇಗವಾಗಿ ಓಡುವ ಬಂಡಿಯಲ್ಲಿ ಕುಳಿತು ಅತ್ತವರ ಕಣ್ಣೀರು ಮಾತ್ರ ಹಾಗೆ ಹರಿಯುತ್ತದೆ. ಎಂದರೆ ಹೆಣ ಕಾಣುವುದಕ್ಕೆ ಮೊದಲೇ ಅವಳು ಅಳುತ್ತಿದ್ದಳು. ಕೊಲ್ಲುತ್ತಲೇ ಅಳುತ್ತಿದ್ದಳು. ಇದನ್ನು ಬರೆದವರಿಗೆ ಬೀಗ ಚಿಲಕಗಳ ಹೊರಗೂ ಏನೋ ತಿಳಿದಿದೆ ಎಂದು ನನಗೆ ಆಗಲೇ ಅನಿಸಿತು.

ಆದರೆ ನಾನು ಈ ಪ್ರಬಂಧಕ್ಕೆ ಕೈಹಾಕಿದ್ದು ‘ನಿದ್ರಿಸುವ ಕೊಗೊರೊ’ವಿನ ಸಲುವಾಗಿ.

ಆರು ವರ್ಷದ ಹುಡುಗನ ಮಾತನ್ನು ಯಾರು ಕೇಳುತ್ತಾರೆ? ಕೊನಾನನಿಗೆ ಕೊಲೆಗಾರ ಯಾರೆಂದು ಗೊತ್ತು, ಹೇಗೆಂದು ಗೊತ್ತು. ಬಾಯಿ ತೆರೆದರೆ ಕೊಗೊರೊ ಕೊರಳಪಟ್ಟಿ ಹಿಡಿದು ಎತ್ತಿ, ತಲೆಗೆ ಒಂದು ಗುದ್ದಿ, ಹೊರಗೆ ನಿಲ್ಲಿಸುತ್ತಾನೆ. ಆಗ ಹುಡುಗ ಒಂದು ಉಪಾಯ ಮಾಡುತ್ತಾನೆ. ಅಗಾಸ ಮುದುಕರು ಕೊಟ್ಟ ಕೈಗಡಿಯಾರದಿಂದ ಮಂಪರಿನ ಸೂಜಿಯೊಂದನ್ನು ಕೊಗೊರೊನ ಕುತ್ತಿಗೆಗೆ ಹಾರಿಸುತ್ತಾನೆ. ಆಸಾಮಿ ತೂರಾಡಿ, ಒಂದು ಸುತ್ತು ಸುತ್ತಿ, ಕುರ್ಚಿಯಲ್ಲಿ ಕುಸಿದು, ಗಾಢವಾಗಿ ಯೋಚಿಸುವವನಂತೆ ತಲೆ ತಗ್ಗಿಸಿ ನಿದ್ದೆ ಹೋಗುತ್ತಾನೆ. ಹುಡುಗ ಕುರ್ಚಿಯ ಹಿಂದೆ ಅಡಗಿ ತನ್ನ ಕೊರಳಿನ ಬೋವನ್ನು ಬಾಯಿಗೆ ಹಿಡಿಯುತ್ತಾನೆ. ಅದರೊಳಗೆ ಧ್ವನಿ ಬದಲಿಸುವ ಯಂತ್ರ. ಇನ್ನು ಬರುವುದು ಮೀಸೆ ಹೊತ್ತ ಗಂಡಸಿನ ಗಂಭೀರ ಕಂಠ. ಅದೇ ಮಾತು, ಅದೇ ತರ್ಕ. ಈಗ ಇನ್ಸ್‌ಪೆಕ್ಟರು ಟೊಪ್ಪಿಗೆ ಸರಿಪಡಿಸಿಕೊಂಡು ಕೇಳುತ್ತಾರೆ, ಕೊಲೆಗಾರ ಬೆವರುತ್ತಾನೆ, ಮಾರನೆಯ ದಿನ ಕೊಗೊರೊನ ಫೋಟೋ ಪತ್ರಿಕೆಯಲ್ಲಿ ಬರುತ್ತದೆ. ಎಚ್ಚರವಾದ ಮೇಲೆ ಅವನಿಗೂ ಏನಾಯಿತೆಂದು ತಿಳಿಯದು. ಆದರೂ ಹೊಗಳಿಕೆಯನ್ನು ಬೇಡವೆನ್ನುವ ಜಾಯಮಾನ ಅವನದಲ್ಲ. ಇನ್ನೊಂದು ತಮಾಷೆ: ಕೊನಾನ್ ಹುಡುಗನಿಗೆ 1996ರಿಂದಲೂ ಕಂಠ ಕೊಡುತ್ತ ಬಂದಿರುವವರು ತಕಯಾಮ ಮಿನಾಮಿ ಎಂಬ ಮಹಿಳೆ. ಹೆಂಗಸಿನ ಕಂಠದ ಹುಡುಗ ಗಂಡಸಿನ ಕಂಠವನ್ನು ಸಾಲ ಪಡೆಯುತ್ತಾನೆ.

ಇದನ್ನು ನೋಡಿ ಹಾಸ್ಟೆಲಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನೂ ನಗುತ್ತೇನೆ. ಆದರೆ ನನಗೆ ಅಲ್ಲಿ ಬೇರೊಬ್ಬರ ನೆನಪು.

ನನ್ನ ಸೋದರಮಾವ ಒಂದು ಕಚೇರಿಯಲ್ಲಿ ಜವಾನರು. ಯಾವ ಕಚೇರಿ, ಯಾವ ಊರು ಎಂಬುದು ಇಲ್ಲಿ ಬೇಡ. ನಾನು ಹೈಸ್ಕೂಲಿನಲ್ಲಿದ್ದಾಗ ಆ ಕಚೇರಿಯ ನಗದಿನಲ್ಲಿ 42,000 ರೂಪಾಯಿ ಕಡಮೆ ಬಂತು. ಬೀಗದ ಕೈ ಮೂವರ ಬಳಿ ಓಡಾಡುತ್ತಿತ್ತು. ಮೂವರಲ್ಲಿ ಕುರ್ಚಿ ಇಲ್ಲದವರು ಮಾವ ಒಬ್ಬರೇ. ಬೆಳಗ್ಗೆ ಹನ್ನೊಂದಕ್ಕೆ ಒಳಗಿನ ಕೋಣೆಗೆ ಕರೆದರಂತೆ. ಯಾರೂ ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ಒಂದು ಸಲ ಕಾಫಿಯನ್ನೂ ತರಿಸಿಕೊಟ್ಟರಂತೆ. ಒಬ್ಬರಾದ ಮೇಲೊಬ್ಬರು ಬಂದು ಅದೇ ಪ್ರಶ್ನೆ ಕೇಳಿದರು. ಆ ದಿನ ಗುಮಾಸ್ತರು ತಮ್ಮ ಕೈಲಿ ಒಂದು ಚಲನ್ ಕೊಟ್ಟು ಬ್ಯಾಂಕಿಗೆ ಕಳಿಸಿದ್ದರೆಂದೂ, ಹಣ ಅದರಲ್ಲಿ ಹೋಗಿರಬೇಕೆಂದೂ ಮಾವ ಹೇಳುತ್ತಲೇ ಇದ್ದರು. ದೀಪ ಹಚ್ಚುವ ಹೊತ್ತಿಗೆ ಅವರ ಮುಂದೆ ಒಂದು ಹಾಳೆ ಇಟ್ಟರು. ‘ನಾನೇ ತೆಗೆದುಕೊಂಡೆ’ ಎಂದು ಅದರಲ್ಲಿ ಬರೆದಿತ್ತು. ಮಾವ ರುಜು ಹಾಕಿದರು.

ಏಕೆ ಹಾಕಿದಿರಿ ಎಂದು ನಾನು ಒಂದು ಸಲ ಕೇಳಿದ್ದೇನೆ. ‘ಸಂಜೆ ಆಗಿತ್ತು ಕಣೋ. ಮನೆಗೆ ಹೋಗ್ಬೇಕು ಅನ್ನಿಸ್ತು’ ಎಂದರು. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣವನ್ನು ಅವರು ಈವರೆಗೂ ಹೇಳಿಲ್ಲ.

ಮಾವ ಕೆಲಸದಿಂದ ಅಮಾನತಾಗಿ ಮನೆಯಲ್ಲಿ ಕುಳಿತರು. ಚಲನ್ನಿನ ಮಾತನ್ನು ಎದುರಿಗೆ ಸಿಕ್ಕವರಿಗೆಲ್ಲ ಹೇಳಿದರು. ರುಜು ಹಾಕಿದವನ ಮಾತಿಗೆ ಬೆಲೆಯೆಲ್ಲಿ? ಏಳು ತಿಂಗಳಾದ ಮೇಲೆ ನಮ್ಮ ಬೀದಿಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು, ಊರಿಗೆಲ್ಲ ಅವರು ‘ದೊಡ್ಡ ಮೇಷ್ಟ್ರು’, ಎಲ್ಲವನ್ನೂ ಕೇಳಿ, ಅದೇ ಮಾತನ್ನು ಮುತ್ತಿನಂಥ ಅಕ್ಷರದಲ್ಲಿ ಎರಡು ಪುಟದ ಅರ್ಜಿ ಮಾಡಿ, ಕೋಟು ಹಾಕಿಕೊಂಡು ತಾವೇ ಮೇಲಿನ ಅಧಿಕಾರಿಗಳ ಬಳಿಗೆ ಹೋದರು. ಆ ಅಧಿಕಾರಿಗಳು ಎದ್ದು ನಿಂತು ಕುರ್ಚಿ ಕೊಟ್ಟರಂತೆ. ಒಂದು ವಾರದಲ್ಲಿ ಲೆಕ್ಕದ ಪುಸ್ತಕಗಳನ್ನು ತೆಗೆಸಿದರು. ಹಣ ಬ್ಯಾಂಕಿನಲ್ಲೇ ಇತ್ತು. ಕಚೇರಿಯದೇ ಬೇರೊಂದು ಖಾತೆಗೆ ಜಮೆಯಾಗಿತ್ತು. ಮಾವನಿಗೆ ಕೆಲಸ ಮರಳಿ ಬಂತು; ಏಳು ತಿಂಗಳ ಸಂಬಳವೂ ಕಂತಿನಲ್ಲಿ ಬಂತು. ‘ಒಪ್ಕೊಂಡಿದ್ನಂತಲ್ಲ’ ಎಂಬ ಮಾತು ಮಾತ್ರ ಊರಿನಲ್ಲಿ ಈಗಲೂ ಯಾವುದಾದರೂ ಮದುವೆ ಮನೆಯಲ್ಲಿ ಎಲೆಯಡಿಕೆ ಜೊತೆಗೆ ಬರುತ್ತದೆ.

ಹೋದ ದಸರಾ ರಜೆಯಲ್ಲಿ ಮಾವನಿಗೆ ನಿದ್ರಿಸುವ ಕೊಗೊರೊವನ್ನು ತೋರಿಸಿದೆ. ಕುರ್ಚಿಯ ಹಿಂದೆ ಅಡಗಿದ ಹುಡುಗನನ್ನೂ, ಮುಂದೆ ತಲೆ ತಗ್ಗಿಸಿದ ಮೀಸೆಯವನನ್ನೂ ನೋಡಿ ಬಹಳ ಹೊತ್ತು ನಕ್ಕರು. ‘ಲೋ, ಇವ್ನು ನಮ್ ದೊಡ್ ಮೇಷ್ಟ್ರು ಕಣೋ. ಮೇಷ್ಟ್ರು ನಿದ್ದೆ ಮಾಡ್ಲಿಲ್ಲ, ಅಷ್ಟೇ ವ್ಯತ್ಯಾಸ’ ಎಂದರು. ಮೇಷ್ಟರ ಮೇಲೆ ಅವರಿಗೆ ಅಪಾರ ಭಕ್ತಿ. ವರ್ಷಕ್ಕೊಂದು ಸಲ ತೋಟದ ಬಾಳೆಗೊನೆ ತಪ್ಪದೆ ಹೋಗುತ್ತದೆ. ಆದರೂ ತಮ್ಮ ಬಾಯಿಂದ ಹೊರಟಾಗ ಸುಳ್ಳಾಗಿದ್ದ ಮಾತು ಮೇಷ್ಟರ ಬಾಯಿಂದ ಹೊರಟಾಗ ನಿಜವಾದದ್ದು ಹೇಗೆಂಬ ಸೋಜಿಗ ಅವರಲ್ಲಿ ಇನ್ನೂ ಉಳಿದಿದೆ ಎಂದು ಆ ನಗುವಿನಿಂದ ನನಗೆ ತಿಳಿಯಿತು.

ಈ ಸರಣಿಯ ಇನ್ನೊಂದು ಪದ್ಧತಿ ತಪ್ಪೊಪ್ಪಿಗೆ. ಪತ್ತೇದಾರನ ವಿವರಣೆ ಮುಗಿದೊಡನೆ ಕೊಲೆಗಾರ ಮೊಣಕಾಲೂರಿ ಕುಸಿಯುತ್ತಾನೆ, ನೆಲಕ್ಕೆ ಗುದ್ದುತ್ತಾನೆ, ಇಷ್ಟು ವರ್ಷದ ಹಿಂದೆ ಹೀಗಾಯಿತು ಎಂದು ಅಳುತ್ತಾ ಎಲ್ಲವನ್ನೂ ಹೇಳುತ್ತಾನೆ. ಪೋಲೀಸರು ಮೃದುವಾಗಿ ಕರೆದೊಯ್ಯುತ್ತಾರೆ. ಸಾವಿರ ಕಂತುಗಳಲ್ಲಿ ಹೆಚ್ಚುಕಡಮೆ ಎಲ್ಲರೂ ಒಪ್ಪಿಕೊಳ್ಳುವವರೇ. ನೋಡುವವರಿಗೆ ಒಂದು ಬಗೆಯ ನೆಮ್ಮದಿ. ನನಗೆ ಆ ಘಟ್ಟದಲ್ಲಿ ಗಂಟಲು ಹಿಡಿಯುತ್ತದೆ. ಒಂದು ದಿನ ಅಮ್ಮ ಅವರೆಕಾಳಿನಿಂದ ತಲೆಯೆತ್ತಿ, ‘ಒಪ್ಕೊಂಡ ಅಂದ್ರೆ ಮುಗೀತೇನೋ?’ ಎಂದು ಕೇಳಿದಳು. ಅವಳು ಕೇಳಿದ್ದು ಆ ಚಿತ್ರದವನ ಮಾತಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಆ ಪ್ರಶ್ನೆಯ ಬೆನ್ನುಹತ್ತಿ ಜಪಾನಿನ ನ್ಯಾಯಪದ್ಧತಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅಲ್ಲಿ ತಪ್ಪೊಪ್ಪಿಗೆಗೆ ‘ಸಾಕ್ಷ್ಯಗಳ ರಾಜ’ ಎಂಬ ಬಿರುದೇ ಇದೆಯಂತೆ. ದೋಷಾರೋಪಣೆಗೆ ಮೊದಲು ಒಬ್ಬನನ್ನು 23 ದಿನಗಳವರೆಗೆ ಬಂಧನದಲ್ಲಿಟ್ಟು ಪ್ರಶ್ನಿಸಬಹುದು. ಕೋರ್ಟಿಗೆ ಹೋದ ಮೊಕದ್ದಮೆಗಳಲ್ಲಿ ನೂರಕ್ಕೆ 99ಕ್ಕೂ ಮೀರಿ ಶಿಕ್ಷೆಯಲ್ಲೇ ಮುಗಿಯುತ್ತವೆ. ಇವ್ಯಾವುವೂ ನನ್ನ ಮನಸ್ಸಿನಲ್ಲಿ ನಿಲ್ಲುತ್ತಿರಲಿಲ್ಲ, ಹಕಮಾದ ಇವಾವೊ ಎಂಬವರ ವೃತ್ತಾಂತವನ್ನು ಓದದಿದ್ದರೆ.

ಹಕಮಾದ ಮೊದಲು ಮುಷ್ಟಿಕಾಳಗದ ಆಟಗಾರ. ಆಮೇಲೆ ಷಿಜುಒಕಾ ಪ್ರಾಂತದಲ್ಲಿ ಸೋಯಾ ಕಾಳಿನಿಂದ ಮಿಸೊ ತಯಾರಿಸುವ ಕಾರ್ಖಾನೆಯೊಂದರ ಕೆಲಸಗಾರ. 1966ರ ಜೂನ್ ತಿಂಗಳ ಕೊನೆಯಲ್ಲಿ ಆ ಕಾರ್ಖಾನೆಯ ಮೇಲಧಿಕಾರಿಯ ಕುಟುಂಬದ ನಾಲ್ವರನ್ನು ಕೊಂದು ಮನೆಗೆ ಬೆಂಕಿ ಇಟ್ಟರು. ಆಗಸ್ಟ್ ತಿಂಗಳಲ್ಲಿ ಹಕಮಾದರನ್ನು ಹಿಡಿದರು. ದಿನಗಟ್ಟಲೆ, ಹೊತ್ತುಗೊತ್ತಿಲ್ಲದೆ ಪ್ರಶ್ನಿಸಿದ ಮೇಲೆ ಅವರು ಒಪ್ಪಿಕೊಂಡರು. ವಿಚಾರಣೆಯಲ್ಲಿ ಆ ಒಪ್ಪಿಗೆಯನ್ನು ಹಿಂತೆಗೆದುಕೊಂಡರು. ಒಂದು ವರ್ಷಕ್ಕೂ ಮೀರಿದ ಮೇಲೆ, 1967ರಲ್ಲಿ, ಮಿಸೊ ತೊಟ್ಟಿಯೊಳಗೆ ರಕ್ತದ ಕಲೆಯ ಬಟ್ಟೆಗಳು ಸಿಕ್ಕವು. 1968ರಲ್ಲಿ ಮರಣದಂಡನೆಯಾಯಿತು; 1980ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಇವತ್ತು ಗಲ್ಲೋ ನಾಳೆಯೋ ಎಂದು ಕಾಯುತ್ತ ಅವರು ಕಳೆದ ವರ್ಷಗಳಲ್ಲಿ ಅವರ ಮನಸ್ಸಿನ ಸ್ತಿಮಿತವೇ ಹೋಯಿತು. ಅಕ್ಕ ಹಿದೆಕೊ ತಮ್ಮನಿಗಾಗಿ ಬಾಗಿಲು ಬಡಿಯುವುದನ್ನು ಬಿಡಲಿಲ್ಲ. ತೀರ್ಪು ಕೊಟ್ಟ ಮೂವರು ನ್ಯಾಯಾಧೀಶರಲ್ಲಿ ಒಬ್ಬರು, ತಮಗೆ ಆಗಲೇ ಅವರು ನಿರಪರಾಧಿಯೆಂದು ತೋರಿತ್ತೆಂದು 2007ರಲ್ಲಿ ಬಹಿರಂಗವಾಗಿ ಹೇಳಿದರು. 2014ರಲ್ಲಿ ಬಿಡುಗಡೆ. ಕೊನೆಗೆ 2024ರ ಸೆಪ್ಟೆಂಬರ್ 26ರಂದು ಷಿಜುಒಕಾದ ನ್ಯಾಯಾಲಯ ಅವರನ್ನು ನಿರ್ದೋಷಿಯೆಂದು ಸಾರಿತು. ಆ ಬಟ್ಟೆಗಳು ತನಿಖೆಯವರೇ ಹುಟ್ಟಿಸಿದ ಸಾಕ್ಷ್ಯವೆಂದು ಹೇಳಿತು. ಆಗ ಅವರಿಗೆ 88 ವರ್ಷ.

ಇದನ್ನು ಓದಿದ ಮೇಲೆ ಕೊನಾನನನ್ನು ನೋಡುವುದನ್ನು ಬಿಟ್ಟುಬಿಡಬೇಕಾಗಿತ್ತೇ? ಹಾಗೆ ಕೇಳಿದ ಗೆಳೆಯರಿದ್ದಾರೆ. ನಾನು ಬಿಡಲಿಲ್ಲ, ಮತ್ತೆ ಮೊದಲಿನಿಂದ ನೋಡಿದೆ. ಆಗ ಕಂಡ ಸಂಗತಿಯನ್ನು ನ್ಯಾಯವಾಗಿ ಹೇಳಬೇಕು. ಈ ಕತೆಗಳಲ್ಲಿ ಆರೋಪಿ ಮೊದಲು ಒಪ್ಪಿಕೊಳ್ಳುವುದಿಲ್ಲ. ‘ಇದೆಲ್ಲ ನಿನ್ನ ಊಹೆ, ಪುರಾವೆ ಎಲ್ಲಿ?’ ಎಂದು ಒಂದು ಸಲವಾದರೂ ಕೇಳಿಯೇ ಕೇಳುತ್ತಾನೆ. ಆಗ ಹುಡುಗ ಪುರಾವೆಯನ್ನು ಮುಂದಿಡಲೇಬೇಕು: ಅಂಗಿಯ ಗುಂಡಿ, ಬೆರಳ ಗುರುತು, ಪಕ್ಕಕ್ಕೆ ಹರಿದ ಕಣ್ಣೀರು. ಪುರಾವೆ ಮುಂದೆ, ಒಪ್ಪಿಗೆ ಹಿಂದೆ. ಹಕಮಾದರ ವಿಷಯದಲ್ಲಿ ಒಪ್ಪಿಗೆ ಮೊದಲು ಬಂತು, ಬಟ್ಟೆ ಆಮೇಲೆ ತೊಟ್ಟಿಯಿಂದ ಬಂತು. ನಮ್ಮ ಮಾವನ ವಿಷಯದಲ್ಲೂ ರುಜು ಮೊದಲು, ಲೆಕ್ಕದ ಪುಸ್ತಕ ಏಳು ತಿಂಗಳ ಮೇಲೆ. ನಮ್ಮ ದೇಶದಲ್ಲಿ ಪೋಲೀಸ್ ಅಧಿಕಾರಿಯ ಎದುರು ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತು ಮಾಡುವಂತಿಲ್ಲವೆಂದು 1872ರ ಸಾಕ್ಷ್ಯ ಕಾಯಿದೆ ಹೇಳಿತ್ತು; 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಕಾಯಿದೆಯೂ ಅದನ್ನು ಉಳಿಸಿಕೊಂಡಿದೆ. ಒಳ್ಳೆಯ ಮಾತು. ಕಚೇರಿಯ ಒಳಕೋಣೆಗೂ ಮದುವೆ ಮನೆಗೂ ಆ ಕಾಯಿದೆ ಹೋಗುವುದಿಲ್ಲ.

ಇಷ್ಟೆಲ್ಲ ಕಂತುಗಳಲ್ಲಿ ಒಂದನ್ನು ಮಾತ್ರ ನೋಡುವುದಾದರೆ ಯಾವುದೆಂದು ಕೇಳಿದವರಿಗೆ ನಾನು ಹೇಳುವುದು ಹನ್ನೊಂದನೆಯದನ್ನು. ಬೀಥೋವನನ ‘ಮೂನ್‌ಲೈಟ್’ ಸೊನಾಟಾ ಎಂಬ ಪಿಯಾನೋ ಕೃತಿಯ ಸುತ್ತ ಹೆಣೆದ ಕತೆ. 1996ರ ಏಪ್ರಿಲಿನಲ್ಲಿ ಒಂದು ಗಂಟೆಯ ವಿಶೇಷ ಕಂತಾಗಿ ಬಂತು. (ಕತೆಯ ಅಂತ್ಯವನ್ನು ಹೇಳಲಿದ್ದೇನೆ, ಬೇಡವಾದವರು ಇಲ್ಲಿಗೆ ನಿಲ್ಲಿಸಿ ಪುಟ ಮಗುಚಬಹುದು.)

ತ್ಸುಕಿಕಾಗೆ ಎಂಬ ದ್ವೀಪದಿಂದ ಕೊಗೊರೊನಿಗೆ ಕಾಗದ ಬರುತ್ತದೆ. ಬರೆದವರ ಹೆಸರು ಅಸೊ ಕೆಯಿಜಿ. ಹೋಗಿ ವಿಚಾರಿಸಿದರೆ ಆ ಪಿಯಾನೋ ವಿದ್ವಾಂಸರು ಹೆಂಡತಿ ಮಗಳೊಡನೆ ಬೆಂಕಿಯಲ್ಲಿ ಸತ್ತು ಹನ್ನೆರಡು ವರ್ಷವಾಗಿದೆ. ಉರಿಯುವ ಮನೆಯಲ್ಲಿ ಕೊನೆಯವರೆಗೂ ಆ ಸೊನಾಟಾ ನುಡಿಸುತ್ತಿದ್ದರೆಂದು ಊರಿನ ಹೇಳಿಕೆ. ಈಗ ದ್ವೀಪದ ದೊಡ್ಡ ಮನುಷ್ಯರು ಒಬ್ಬೊಬ್ಬರಾಗಿ ಸಾಯುತ್ತಾರೆ. ಪ್ರತಿ ಸಾವಿಗೂ ಆ ಕೃತಿಯ ಒಂದೊಂದು ಭಾಗ ಕೇಳಿಬರುತ್ತದೆ. ಜೊತೆಗೆ ಸ್ವರಲಿಪಿಯಲ್ಲಿ ಬರೆದ ಗೂಢಲೇಖಗಳು. ಪಿಯಾನೋದ ಎಡತುದಿಯಿಂದ ಒಂದೊಂದು ಕೀಲಿಗೆ ಒಂದೊಂದು ಅಕ್ಷರವೆಂದು ಎಣಿಸಿದರೆ ಅದನ್ನು ಓದಬಹುದು. ಕೊಂದದ್ದು ದ್ವೀಪದ ವೈದ್ಯೆ, ಎಲ್ಲರಿಗೂ ಬೇಕಾದ ನಗುಮೊಗದ ನರುಮಿ. ಆಕೆ ಹೆಣ್ಣಲ್ಲ; ಸತ್ತ ವಿದ್ವಾಂಸರ ಮಗ. ಬಾಲ್ಯದಲ್ಲಿ ಕಾಯಿಲೆಯಿಂದ ಟೋಕಿಯೋ ಆಸ್ಪತ್ರೆಯಲ್ಲಿದ್ದ ಕಾರಣ ಉಳಿದುಕೊಂಡವನು. ತಂದೆಯ ಬಾಲ್ಯ ಸ್ನೇಹಿತರೇ ಅವರನ್ನು ಮಾದಕವಸ್ತುಗಳ ಕಳ್ಳಸಾಗಣೆಗೆ ಬಳಸಿಕೊಂಡು, ಒಲ್ಲೆನೆಂದಾಗ ಮನೆಮಂದಿಯನ್ನೆಲ್ಲ ಸುಟ್ಟರೆಂದು ತಿಳಿದು ಸೇಡು ತೀರಿಸಿಕೊಂಡವನು. ಪತ್ತೇದಾರನಿಗೆ ಕಾಗದ ಬರೆದವನೂ ಅವನೇ. ತನ್ನನ್ನು ಯಾರಾದರೂ ತಡೆಯಲಿ ಎಂಬ ಆಸೆಯಿಂದ ಬರೆದನೋ ಎಂದು ಕೊನಾನ್ ಆಮೇಲೆ ಊಹಿಸುತ್ತಾನೆ. ಯಾರೂ ತಡೆಯಲಿಲ್ಲ.

ಇಲ್ಲಿ ಮೊಣಕಾಲೂರುವ ದೃಶ್ಯವಿಲ್ಲ. ರಹಸ್ಯ ಬಿಡಿಸುವ ಹೊತ್ತಿಗೆ ಅವನು ಸಭಾಭವನಕ್ಕೆ ಬೆಂಕಿಯಿಟ್ಟು ತಂದೆಯ ಪಿಯಾನೋದ ಮುಂದೆ ಕುಳಿತಿರುತ್ತಾನೆ. ಕೊನಾನ್ ಒಳಗೆ ನುಗ್ಗುತ್ತಾನೆ. ತಂದೆ ಬಿಟ್ಟುಹೋದ ಸ್ವರಲಿಪಿಯಲ್ಲಿ ಸೇಡಿನ ಮಾತಿರಲಿಲ್ಲ, ನೀನಾದರೂ ನೇರವಾಗಿ ಬದುಕು ಎಂಬ ಅರ್ಥದ ಮಾತಿತ್ತೆಂದು ಹೇಳುತ್ತಾನೆ. ವೈದ್ಯ ಕೇಳುತ್ತಾನೆ, ತಡವಾಯಿತೆಂದು ಹುಡುಗನನ್ನು ಎತ್ತಿ ಕಿಟಕಿಯಿಂದ ಹೊರಗೆ ಎಸೆಯುತ್ತಾನೆ. ಆಮೇಲೆ ಉರಿಯೊಳಗಿಂದ ಪಿಯಾನೋ ಕೇಳಿಸುತ್ತದೆ. ರಾಗವಿಲ್ಲ, ತಾಳವಿಲ್ಲ. ಕೀಲಿಯ ಅಕ್ಷರಗಳನ್ನು ಬಲ್ಲ ಹುಡುಗನಿಗೆ ಮಾತ್ರ ಅದು ತಿಳಿಯುತ್ತದೆ: ಪುಟ್ಟ ಪತ್ತೇದಾರನಿಗೆ ಕೃತಜ್ಞತೆ.

ಸತ್ಯವೆಂಬುದು ಯಾವಾಗಲೂ ಒಂದೇ ಎಂದು ಪ್ರತಿ ವಾರ ಬೆರಳು ಚಾಚಿ ಸಾರುವ ಹುಡುಗ ಇವನು. ಆ ದಿನ ಅವನು ಹೇಳಿದ ಸತ್ಯದಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಮುಂದೊಂದು ಕಂತಿನಲ್ಲಿ ಒಸಾಕಾದ ಗೆಳೆಯ ಹತ್ತೊರಿಯೊಡನೆ ಮಾತನಾಡುವಾಗ, ತರ್ಕದಿಂದ ಅಪರಾಧಿಯನ್ನು ಮೂಲೆಗೊತ್ತಿ ಸಾಯಲು ಬಿಡುವ ಪತ್ತೇದಾರನಿಗೂ ಕೊಲೆಗಾರನಿಗೂ ವ್ಯತ್ಯಾಸವಿಲ್ಲ ಎಂಬರ್ಥ ಬರುವಂತೆ ಹೇಳುತ್ತಾನೆ. ಆ ದ್ವೀಪ ಅವನಲ್ಲಿ ಉಳಿದುಕೊಂಡಿದೆ. ಅವನ ವಯಸ್ಸು ಮಾತ್ರ ಮುಂದೆ ಹೋಗಿಲ್ಲ. ಮೊದಲ ಕಂತುಗಳಲ್ಲಿ ಬೀದಿಯ ಫೋನಿಗೆ ಕಾಸು ಹಾಕುತ್ತಿದ್ದವರು ಈಗ ಅಂಗೈಯಲ್ಲಿ ಗಾಜಿನ ಫೋನು ತೀಡುತ್ತಾರೆ, ಅವನಿನ್ನೂ ಒಂದನೆಯ ತರಗತಿ. ಮೂರು ಸಲ ಇಂಗ್ಲಿಷ್ ಪತ್ರಿಕೆಗೆ ಕುಳಿತ ನಮ್ಮ ಹಾಸ್ಟೆಲಿನ ಹಿರಿಯರಿಗೆ ಇದು ದೊಡ್ಡ ಸಮಾಧಾನ.

ಸಾವಿರದ ಕಂತಿಗೆ, 2021ರ ಮಾರ್ಚಿಯಲ್ಲಿ, ಅವರು ಆರಿಸಿಕೊಂಡದ್ದು ಇದೇ ಕತೆಯನ್ನು. ಹೊಸದಾಗಿ ಬರೆದು, ಹೊಸ ಬಣ್ಣ ಹಾಕಿ, ಎರಡು ಕಂತು ಮಾಡಿದರು. ಬೆಂಕಿ ಹಳೆಯದಕ್ಕಿಂತ ಚೆನ್ನಾಗಿ ಉರಿಯುತ್ತದೆ, ಸಮುದ್ರ ಚೆನ್ನಾಗಿದೆ. ಇಪ್ಪತ್ತೈದು ವರ್ಷಗಳ ತರುವಾಯ, ಬರೆಯುವ ಲೇಖನಿ ಅವರದೇ ಕೈಯಲ್ಲಿದ್ದಾಗ, ಬೇಕೆಂದರೆ ಆ ವೈದ್ಯನನ್ನು ಉಳಿಸಬಹುದಾಗಿತ್ತು. ಉಳಿಸಲಿಲ್ಲ. ಹಳೆಯದನ್ನು ನೋಡಿದ್ದ ಅಮ್ಮ ಹೊಸದನ್ನೂ ಕೊನೆಯವರೆಗೆ ಕೂತು ನೋಡಿದಳು. ಕಿಟಕಿಯ ದೃಶ್ಯ ಬಂದಾಗ ಮತ್ತೆ ಹಳೆಯ ಮಾತನ್ನೇ ಅಂದಳು: ‘ಕೋಣಪ್ಪನ್ನ ಎಸೆದ ಕಿಟಕೀಲಿ ಅವನೂ ಹಾರಬಹುದಿತ್ತಲ್ಲೋ.’ ಹಾರಬಹುದಿತ್ತಮ್ಮ, ಎಂದೆ.